ಸರ್ಪ ಹೋಯಿತು, ಸುತ್ತು ಉಳಿಯಿತು

ಮಾರ್ಚ್ 4

ಹಲ್ಲಿನ ಡಾಕ್ಟರಮ್ಮ ಇವತ್ತು ದೊಡ್ಡ ವೃತ್ತದ ನಟ್ಟನಡುವೆ ಗಾಡಿ ಆಫ್ ಮಾಡಿಕೊಂಡು ಅತ್ತಳು. ನಾನು ಬೈದಿರಲಿಲ್ಲ. "ಹಲ್ಲು ಕೊರೆಯುವಾಗಲೂ ಹೀಗೇ ಕಣ್ಣು ಮುಚ್ಕೋತೀರಾ?" ಎಂದು ವಿಚಾರಿಸಿದ್ದೆ, ಅಷ್ಟೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ, ಇವಳು ಮೂಗು ಒರೆಸಿಕೊಂಡಳು, ನಾನು ಹೇಗೋ ಗಾಡಿಯನ್ನು ರಸ್ತೆಯ ಅಂಚಿಗೆ ತರಿಸಿದೆ. ಈಚೆಗೆ ನನ್ನ ಗಾಡಿಯಲ್ಲಿ ಅತ್ತವರಲ್ಲಿ ಇವಳೇನೂ ಮೊದಲನೆಯವಳಲ್ಲ. ಡ್ರೈವಿಂಗ್ ಕಲಿಯಲು ಬರುವವರ ಗುಣಮಟ್ಟವೇ ಇಳಿದುಹೋಗಿದೆ.

ನ್ಯಾಯವಾಗಿ ಅಳಬೇಕಾದವಳು ನಾನು. ಸರ್ಪಸುತ್ತು ಬಂದು ಹೋಗಿ ತಿಂಗಳುಗಳೇ ಆದವು. ಎಡಗಡೆ ಬೆನ್ನಿನಿಂದ ಪಕ್ಕೆ ಬಳಸಿ ಎದೆಯವರೆಗೆ ಎದ್ದಿದ್ದ ಗುಳ್ಳೆಗಳೆಲ್ಲ ಒಣಗಿ ಉದುರಿದವು. ಸರ್ಪ ಹೋಯಿತು, ಸುತ್ತು ಉಳಿಯಿತು. ಅಂಗಿ ತಾಗಿದರೆ ಬೆಂಕಿ, ಹೊದಿಕೆ ತಾಗಿದರೆ ಬೆಂಕಿ. ಸೀಟ್ ಬೆಲ್ಟ್ ಹಾದುಹೋಗುವುದಂತೂ ಸರಿಯಾಗಿ ಅದೇ ದಾರಿಯಲ್ಲಿ. ದಿನವಿಡೀ ಬೆಂಕಿಯ ಪಟ್ಟಿ ಬಿಗಿದುಕೊಂಡು ಪಕ್ಕದ ಸೀಟಿನಲ್ಲಿ ಕೂತು "ನಿಧಾನವಾಗಿ ಕ್ಲಚ್ ಬಿಡಿ" ಎಂದು ನಗುನಗುತ್ತಾ ಹೇಳುವವರು ಯಾರಾದರೂ ಇದ್ದರೆ ಬಂದು ತೋರಿಸಲಿ.

ಇವರು, ನನ್ನ ಯಜಮಾನರು, ಗಡಿಯಾರ ರಿಪೇರಿ ಮಾಡುವವರು. ಜನ್ಮದಲ್ಲಿ ಅವಸರಪಟ್ಟವರಲ್ಲ. ಅಂಥವರು ಇವತ್ತು ಅಂಗಡಿಯ ಬಾಗಿಲನ್ನು ಅರ್ಧಕ್ಕೇ ಎಳೆದು ಬಂದು, "ನಡಿ ಡಾಕ್ಟರ ಹತ್ರ" ಎಂದರು. ಡಾಕ್ಟರು ಚಿಕ್ಕ ಹುಡುಗಿ. ನನ್ನ ಗಾಡಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಹೃದಯ ಹೇಗಿದೆ, ಕಣ್ಣಿನ ಒತ್ತಡ ಇದೆಯೇ, ಬೇರೆ ಏನೇನು ಮಾತ್ರೆ ನುಂಗುತ್ತೀರಿ ಎಂದೆಲ್ಲ ಕೇಳಿ, ಒಂದು ಉದ್ದ ಹೆಸರು ಬರೆದಳು. ಅಮಿಟ್ರಿಪ್ಟಿಲಿನ್. ಓದುವಷ್ಟರಲ್ಲಿ ನಾಲಿಗೆ ಎರಡು ಗೇರ್ ಬದಲಿಸಬೇಕು.

ಔಷಧದಂಗಡಿಯವನು ಚೀಟಿ ನೋಡಿದ, ನನ್ನನ್ನು ನೋಡಿದ, ದನಿ ತಗ್ಗಿಸಿದ. "ಮೇಡಂ, ಯಾವುದನ್ನೂ ಮನಸ್ಸಿಗೆ ಹಚ್ಕೋಬೇಡಿ. ಎಲ್ಲಾ ಸರಿಹೋಗುತ್ತೆ."

"ಏನು ಸರಿಹೋಗುತ್ತೆ?"

"ಅದೇ... ಬೇಜಾರು, ಖಿನ್ನತೆ... ಈಗೆಲ್ಲ ಕಾಮನ್ ಮೇಡಂ."

ಖಿನ್ನತೆ! ನನಗೆ! ಅವನ ಅಂಗಡಿಯ ಮುಂದೆಯೇ ಇವರ ಮುಖ ನೋಡಿದೆ. ಇವರು ಬಹಳ ಆಸಕ್ತಿಯಿಂದ ಕೆಮ್ಮಿನ ಔಷಧದ ಸೀಸೆ ಓದುತ್ತಿದ್ದರು.

ಮಾರ್ಚ್ 5

ಅಪಾಯಿಂಟ್‌ಮೆಂಟ್ ಇಲ್ಲದೆ ನುಗ್ಗಿದೆ.

"ನಾನು ಪಕ್ಕೆ ಉರಿ ಅಂದೆ. ನೀವು ತಲೆಗೆ ಔಷಧ ಕೊಟ್ಟಿದ್ದೀರಿ. ನನ್ನನ್ನ ಏನಂದ್ಕೊಂಡಿದ್ದೀರಿ?"

ಹುಡುಗಿ ಗಾಬರಿಯಾಗಲಿಲ್ಲ. ಅಲ್ಲೇ ನನಗೆ ಅವಳ ಮೇಲೆ ಸ್ವಲ್ಪ ಸಿಟ್ಟು ಬಂತು. "ಕೂತ್ಕೊಳ್ಳಿ. ಗಾಡಿ ಕಲಿಸ್ತೀರಿ ಅಲ್ವಾ? ಯಾವತ್ತಾದ್ರೂ ಹಾರ್ನ್ ಅಂಟ್ಕೊಂಡಿದ್ದು ನೋಡಿದ್ದೀರಾ? ಬಟನ್‌ನಿಂದ ಕೈ ತೆಗೆದ್ರೂ ಪೊಂಯ್ ಅಂತಾನೇ ಇರುತ್ತಲ್ಲ, ಹಾಗೆ?"

"ನೋಡಿದ್ದೀನಿ. ಮದುವೆ ಮನೆ ಮುಂದೆ."

"ನಿಮ್ಮ ನರಕ್ಕೆ ಆಗಿರೋದು ಅದೇ. ಗಾಯ ಮಾಯ್ದಿದೆ, ನರ ಇನ್ನೂ ಕೂಗ್ತಾ ಇದೆ. ಈ ಮಾತ್ರೆ ಮೊದಲು ಬಂದಿದ್ದು ಮನಸ್ಸಿನ ಕಾಯಿಲೆಗೆ, ನಿಜ. ಆಮೇಲೆ ಕಡಿಮೆ ಪ್ರಮಾಣದಲ್ಲಿ ಕೊಟ್ರೆ ಇಂಥ ನರದ ಕೂಗನ್ನೂ ತಗ್ಗಿಸುತ್ತೆ ಅಂತ ಗೊತ್ತಾಯ್ತು. ನಾನು ಕೊಟ್ಟಿರೋದು ಆ ಚಿಕ್ಕ ಪ್ರಮಾಣ."

"ಅಂದ್ರೆ ನನಗೆ ಖಿನ್ನತೆ ಇಲ್ಲ."

"ನಾನು ಹಾಗೂ ಹೇಳಲಿಲ್ಲ, ಹೀಗೂ ಹೇಳಲಿಲ್ಲ. ತಿಂಗಳುಗಟ್ಟಲೆ ನೋವು ತಿಂದೋರಿಗೆ ಮನಸ್ಸೂ ಸೊರಗಬಹುದು. ಕೊನೇ ಸಲ ಜೋರಾಗಿ ನಕ್ಕಿದ್ದು ಯಾವಾಗ?"

ಇದೇನು ಪ್ರಶ್ನೆ? ನಗುವುದಕ್ಕೆ ನಾನೇನು ಟೂತ್‌ಪೇಸ್ಟ್ ಜಾಹೀರಾತೇ? ಹಾಗೆಂದೇ ಹೇಳಿದೆ. ಅವಳು ನಕ್ಕಳು. ನಾನು ನಗಲಿಲ್ಲ.

ಕೊನೆಗೆ ಬಾಂಬು ಹಾಕಿದಳು. ಸಂಜೆ ಹೊತ್ತು ಒಂದು ಮಾತ್ರೆ; ಶುರುವಿನಲ್ಲಿ ಮಂಪರು ಬರಬಹುದು; ಅದು ಹೇಗಿದೆ ಎಂದು ತಿಳಿಯುವವರೆಗೆ ಗಾಡಿ ಮುಟ್ಟಕೂಡದು; ಕೇಳದೆ ಮಾತ್ರೆ ಫಟ್ಟನೆ ನಿಲ್ಲಿಸಕೂಡದು.

"ನಾನು ಸ್ಟೀರಿಂಗ್ ಮುಟ್ಟೋದೇ ಇಲ್ಲ, ನನ್ನ ಕಾಲ ಕೆಳಗೆ ಬರೀ ಬ್ರೇಕು ಕ್ಲಚ್ಚು."

"ಅದನ್ನೂ ಮುಟ್ಟಬೇಡಿ."

ನನ್ನ ಡ್ರೈವಿಂಗ್ ಸ್ಕೂಲಿನ ಬಾಗಿಲಿಗೆ "ಗಾಡಿ ರಿಪೇರಿಯಲ್ಲಿದೆ" ಎಂದು ಹಲಗೆ ನೇತುಹಾಕಿ ಬಂದೆ. ಎದುರು ಸಾಲಿನ ಇನ್ನೊಂದು ಡ್ರೈವಿಂಗ್ ಸ್ಕೂಲಿನ ಜೇನುಮೇಷ್ಟ್ರು ಬಾಗಿಲಲ್ಲೇ ನಿಂತು ಓದಿದ. ಅವನಿಗೆ ಆ ಹೆಸರಿಟ್ಟವಳು ನಾನೇ. ಗಾಡಿ ಗೋಡೆಗೆ ಗುದ್ದಿದರೂ "ಪರವಾಗಿಲ್ಲ ಸರ್, ಗೋಡೆ ಚೂರು ಮುಂದೆ ಬಂತು" ಎನ್ನುವ ಜಾತಿ. "ಏನಾದ್ರೂ ಸಹಾಯ ಬೇಕಿದ್ರೆ ಹೇಳಿ ಮೇಡಂ" ಎಂದ. ಮೈಯೆಲ್ಲ ಅಂಟಂಟಾಯಿತು.

ಮಾರ್ಚ್ 7

ಮಾತ್ರೆ ಇಷ್ಟೇ ಇಷ್ಟು. ಅಂಗಿಯ ಗುಂಡಿಗೆ ಹುಟ್ಟಿದ ಮರಿಯ ಹಾಗಿದೆ. ನಿನ್ನೆ ನುಂಗಿದೆ. ಬೆಳಿಗ್ಗೆ ಇವರು ಎಬ್ಬಿಸುವವರೆಗೆ ಗೊತ್ತೇ ಆಗಲಿಲ್ಲ. ಎದ್ದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. "ಕಾಫಿ" ಎನ್ನಲು ಹೋದರೆ "ಕ" ಮಾತ್ರ ಬಂತು.

ನೋವು ಹಾಗೇ ಇದೆ. ನಾನು ಮೊದಲೇ ಹೇಳಿದ್ದೆ.

ಮಾರ್ಚ್ 10

ಬಾಯಿ ಒಣಗಿ ಮರದ ತೊಗಟೆ. ಇನ್ನೊಂದು ಮಾರ್ಗವೂ ಬಂದ್ ಆಗಿದೆ. ಅದನ್ನು ಬರೆಯುವುದು ಸಭ್ಯತೆಯಲ್ಲ. ಇವರು ಪಪ್ಪಾಯಿ ಹೆಚ್ಚಿ ಹೆಚ್ಚಿ ಕೊಡುತ್ತಿದ್ದಾರೆ. ಗಡಿಯಾರದ ಚಕ್ರ ಕತ್ತರಿಸಿದ ಹಾಗೆ ಎಲ್ಲ ತುಂಡೂ ಒಂದೇ ಅಳತೆ. "ದಪ್ಪದಪ್ಪ ಕತ್ತರಿಸಿದ್ರೆ ಏನು ಹೋಗುತ್ತೆ?" ಎಂದು ರೇಗಿದೆ. ಮುಂದಿನ ಸಲವೂ ಅದೇ ಅಳತೆ. ಈ ಮನುಷ್ಯನ ಜೊತೆ ಜಗಳವಾಡುವುದೆಂದರೆ ದಿಂಬಿಗೆ ಗುದ್ದಿದ ಹಾಗೆ.

ಮಾರ್ಚ್ 16

ನಾದಿನಿ ಬಂದಿದ್ದಳು. ಬಂದವಳು ಸೀದಾ ಅಡುಗೆಮನೆಗೆ ಹೋಗಿ, ನೀರಿಗೆಂದು ಲೋಟ ತೆಗೆಯುತ್ತಾ, ನಾನು ಸಕ್ಕರೆ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ ಮಾತ್ರೆಯ ಹಾಳೆಯನ್ನೇ ಹಿಡಿದುಕೊಂಡು ಹೊರಗೆ ಬಂದಳು. ನನ್ನ ಜೀವ ಬಾಯಿಗೆ ಬಂತು. ಒಣಗಿದ ಬಾಯಿಗೆ.

"ಅತ್ತಿಗೆ! ಇದು ನಂದೂ!"

"ನಿಂದೂ ಅಂದ್ರೆ? ನಿನಗೂ... ಬೇಜಾರಾ?"

"ಬೇಜಾರ್ಯಾಕೆ? ಅರೆತಲೆನೋವಿಗೆ. ದಿನಾ ಒಂದು ತಗೊಂಡ್ರೆ ಬರೋ ತಲೆನೋವು ಅರ್ಧಕ್ಕರ್ಧ ಬರೋದೇ ಇಲ್ಲ. ನೀವು ಯಾವುದಕ್ಕೆ?"

"ಪಕ್ಕೆಗೆ."

ಇಬ್ಬರೂ ಮಾತ್ರೆ ನೋಡಿದೆವು. ಒಬ್ಬಳಿಗೆ ತಲೆಗೆ, ಒಬ್ಬಳಿಗೆ ಪಕ್ಕೆಗೆ, ಔಷಧದಂಗಡಿಯವನ ಪ್ರಕಾರ ಮನಸ್ಸಿಗೆ. ಇದು ಮಾತ್ರೆಯೋ, ಮನೆಯ ಎಲ್ಲ ಮೂಲೆಗೂ ನುಗ್ಗುವ ಪೊರಕೆಯೋ?

ನಾದಿನಿ ಕುರ್ಚಿ ಹತ್ತಿರಕ್ಕೆಳೆದಳು. ಅವಳು ಹಾಗೆ ಎಳೆದರೆ ಒಳ್ಳೆಯ ಸುದ್ದಿಯೇ ಇರುತ್ತದೆ. "ಯಾರಿಗೂ ಹೇಳಬೇಡಿ. ನಮ್ಮ ಹುಡುಗ ಚಿಕ್ಕವನಿದ್ದಾಗ ಹಾಸಿಗೆ ಒದ್ದೆ ಮಾಡ್ತಿದ್ದನಲ್ಲ, ದೊಡ್ಡ ಆಸ್ಪತ್ರೆ ಡಾಕ್ಟ್ರು ಆಗ ಕೊಟ್ಟಿದ್ದೂ ಇದರದ್ದೇ ದಾಯಾದಿ. ಇದೇ ವಂಶ, ಬೇರೆ ಹೆಸರು. ಸ್ವಲ್ಪ ದಿನ ಕೊಟ್ರು, ನಿಂತೇ ಹೋಯ್ತು."

"ನಮ್ಮ ಹುಡುಗ" ಎಂದರೆ ಅವಳ ಮಗ, ಈಗ ಟ್ರಾಫಿಕ್ ಪೊಲೀಸ್ ಅಧಿಕಾರಿ. ಕಪ್ಪು ಕನ್ನಡಕ, ಮೀಸೆ, ಸೀಟಿ. ಹೋದ ವರ್ಷ ನನ್ನ ಗಾಡಿಯನ್ನೇ ತಡೆದು, "ಅತ್ತೆ ಆದ್ರೂ ಅಷ್ಟೇ, ಸಿಗ್ನಲ್ ಸಿಗ್ನಲ್ಲೇ" ಎಂದು ದಂಡ ಬರೆದವನು. ಇನ್ನೊಮ್ಮೆ ತಡೆಯಲಿ, ನೋಡಿಕೊಳ್ಳುತ್ತೇನೆ.

ಮಾರ್ಚ್ 25

ಬೆಳಗಿನ ಮಂಪರು ಹೋಗಿದೆ. ಡಾಕ್ಟರು ಒಪ್ಪಿದಳು, ಮಾತ್ರೆಯನ್ನು ಒಂದು ಮೆಟ್ಟಿಲು ಏರಿಸಿದಳು. ಆ ಮೆಟ್ಟಿಲಿಗೂ ಮೈ ಒಗ್ಗುವವರೆಗೆ ಇನ್ನಷ್ಟು ದಿನ ಬಾಗಿಲು ಬಂದ್. ಇವರು ಸಂಜೆ ಹೊತ್ತು ವಾಕಿಂಗ್ ಹೋಗುತ್ತಿದ್ದಾರೆ. ಒಳ್ಳೆಯದು, ಹೊಟ್ಟೆ ಕರಗಲಿ.

ಏಪ್ರಿಲ್ 6

ಸ್ಕೂಲು ಶುರು. ಒಂದು ವಿಚಿತ್ರ ಗಮನಿಸಿದೆ: ನಾನಿಲ್ಲದ ದಿನಗಳಲ್ಲಿ ಕಲಿಯುವವರೆಲ್ಲ ಸುಧಾರಿಸಿದ್ದಾರೆ! ಹಲ್ಲಿನ ಡಾಕ್ಟರಮ್ಮ ದೊಡ್ಡ ವೃತ್ತವನ್ನು ಒಂದೇ ಸಲಕ್ಕೆ ದಾಟಿದಳು. ಮನೆಯಲ್ಲಿ ಕೂತು ಏನೋ ಓದಿಕೊಂಡಿರಬೇಕು. ಒಮ್ಮೆ ಆಫ್ ಮಾಡಿಕೊಂಡಳು. "ಆಗುತ್ತೆ, ಮತ್ತೆ ಸ್ಟಾರ್ಟ್ ಮಾಡಿ" ಎಂದೆ. ಅವಳು ಹೆದರಿ ನನ್ನ ಮುಖ ನೋಡಿ ಇನ್ನೊಮ್ಮೆ ಆಫ್ ಮಾಡಿದಳು.

ನಾನು ಪದೇಪದೇ ನೀರು ಕುಡಿಯುವುದನ್ನು ನೋಡಿ, "ಯಾವ ಮಾತ್ರೆ ತಗೋತಿದ್ದೀರಾ ಮೇಡಂ?" ಎಂದಳು. ಬೇಹುಗಾರ್ತಿ. ಹೇಳಲೇಬೇಕಾಯಿತು. "ಓ, ನಾನೂ ಕೊಡಿಸ್ತೀನಿ, ಮುಖದ ನರದ ನೋವಿರೋ ಕೆಲವರಿಗೆ. ಗುಟುಕು ಗುಟುಕಾಗಿ ನೀರು ಕುಡೀರಿ, ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗೀರಿ. ಬಾಯಿ ಒಣಗಿದ್ರೆ ಹಲ್ಲು ಬೇಗ ಹುಳುಕಾಗುತ್ತೆ. ಒಂದಿನ ಬನ್ನಿ, ನೋಡ್ತೀನಿ."

"ಕಣ್ಣು ಬಿಟ್ಕೊಂಡು ನೋಡ್ತೀರಾ?"

ಅವಳು ಎಷ್ಟು ನಕ್ಕಳೆಂದರೆ ಗಾಡಿ ಗೇರಿನಲ್ಲೇ ನೆಗೆಯಿತು. ಇದೇ ಪ್ರಶ್ನೆಗೆ ಹೋದ ತಿಂಗಳು ಅತ್ತಿದ್ದಳು. ಜನ ಹೇಗೆ ಬದಲಾಗುತ್ತಾರೆ!

ಏಪ್ರಿಲ್ 12

ಊರಿಗೆ ಏನೋ ಒಳ್ಳೆಯದು ತಟ್ಟಿದೆ. ಪಕ್ಕದ ಮನೆಯ ಮಿಕ್ಸಿ ಮೊದಲಿನಷ್ಟು ಕಿರುಚುವುದಿಲ್ಲ, ಹೊಸದು ಕೊಂಡಿರಬೇಕು. ಬಸ್ಸಿನವರು ದಾರಿ ಬಿಡುತ್ತಾರೆ. ಒಗೆಯುವ ಸೋಪು ಬದಲಾಯಿಸಿದ್ದಾರೋ ಏನೋ, ಅಂಗಿಗಳು ಮೆತ್ತಗಾಗಿವೆ. ಇವರನ್ನು ಕೇಳಿದೆ. "ಅದೇ ಸೋಪು" ಎಂದು ನನ್ನನ್ನೇ ನೋಡಿದರು.

ಇವರ ಬಗ್ಗೆ ಮಾತ್ರ ಅನುಮಾನ ಬರುತ್ತಿದೆ. ವಾಕಿಂಗಿಗೆ ಹೋಗುವವರು ಬೂಟಿಗೆ ಪಾಲಿಶ್ ಹಚ್ಚುತ್ತಾರೆಯೇ? ತಲೆ ಬಾಚಿಕೊಳ್ಳುತ್ತಾರೆ, ಗುನುಗುತ್ತಾರೆ, ಬರುವಾಗ ಬೆವರಿರುತ್ತಾರೆ. ಊಟಕ್ಕೆ ಕೂತರೆ ಮೇಜಿನ ಕೆಳಗೆ ಎಡಗಾಲನ್ನು ಮೆಲ್ಲಗೆ ಒತ್ತುವುದು, ಮೆಲ್ಲಗೆ ಎತ್ತುವುದು. "ಕಾಲು ಹಿಡ್ಕೊಂಡಿದ್ಯಾ?" ಎಂದೆ. "ಹೂಂ" ಎಂದರು. ನಿನ್ನೆಯಂತೂ ಸೋಫಾದಿಂದ ಏಳುವ ಮುನ್ನ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿ, ಭುಜದ ಮೇಲಿನಿಂದ ಹಿಂದಕ್ಕೂ ನೋಡಿ ಎದ್ದರು. ಹೀಗೆ ಕದ್ದು ನೋಡುವುದು ಯಾರಿಗಾಗಿ? ಈ ವಯಸ್ಸಿನಲ್ಲಿ! ಯಾರವಳು?

ನಾದಿನಿಗೆ ಫೋನ್ ಮಾಡಿ ಹೇಳಿದೆ. "ನಮ್ಮಣ್ಣಾನಾ? ಪ್ರೇಮಪತ್ರ ಬರಿಯೋಕೂ ಮೊದಲು ಪೆನ್ನು ರಿಪೇರಿ ಮಾಡ್ತಾ ಕೂರ್ತಾನೆ, ಬಿಡಿ ಅತ್ತಿಗೆ" ಎಂದಳು.

ಏಪ್ರಿಲ್ 18

ನನಗೆ ಗುಣವಾಗಿದೆ. ಮಾತ್ರೆಯಿಂದಲ್ಲ. ಹಾರ್ನ್ ತಾನಾಗಿಯೇ ನಿಂತಿದೆ, ಬ್ಯಾಟರಿ ಇಳಿದಮೇಲೆ ಯಾವ ಹಾರ್ನ್ ಕೂಗುತ್ತದೆ? ಗುಣವಾದ ಮೇಲೂ ಖಿನ್ನತೆಯ ಮಾತ್ರೆ ನುಂಗುತ್ತಿದ್ದರೆ ಔಷಧದಂಗಡಿಯವನು ಹೇಳಿದ್ದೇ ನಿಜವೆಂದಾಗುತ್ತದೆ. ಅವನು ಈಗಲೂ ನನ್ನನ್ನು ಕಂಡರೆ ತಲೆ ಒಂದು ಕಡೆಗೆ ವಾಲಿಸಿ ಮರುಕಪಡುತ್ತಾನೆ. ಇವತ್ತಿನಿಂದ ಬಂದ್. ಯಾರಿಗೂ ಹೇಳಲಿಲ್ಲ.

ಏಪ್ರಿಲ್ 23

ಊರು ಕೆಟ್ಟುಹೋಗಿದೆ.

ಏಪ್ರಿಲ್ 24

ಮಿಕ್ಸಿ. ಬೆಳಗಿನಿಂದ. ಅದರೊಳಗೆ ಕಲ್ಲು ಹಾಕಿ ರುಬ್ಬುತ್ತಿದ್ದಾರೆಯೇ?

ಏಪ್ರಿಲ್ 25

ಬಸ್ಸಿನವರು ಬೇಕೆಂದೇ ಅಡ್ಡ ಬರುತ್ತಾರೆ. ಇವರು ಹಳೆಯ ಸೋಪೇ ತಂದಿದ್ದಾರೆ, ಅಂಗಿ ಉಪ್ಪುಕಾಗದ. ನಿದ್ದೆಯಿಲ್ಲ. ಹಲ್ಲಿನವಳು ಕಲಿತದ್ದೆಲ್ಲ ಮರೆತಿದ್ದಾಳೆ. ಹೇಳಿದೆ. ಕಣ್ಣು ತುಂಬಿಕೊಂಡಳು. ಎಲ್ಲರೂ ಒಟ್ಟಿಗೇ ಹೀಗೆ ಹಾಳಾಗಲು ಕಾರಣವೇನು?

ಏಪ್ರಿಲ್ 27

ಇವತ್ತು ನಡೆದದ್ದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆಯುತ್ತದೆ.

ಸಂಜೆ, ಮಾರ್ಕೆಟ್ ಸಿಗ್ನಲ್. ಹಲ್ಲಿನ ಡಾಕ್ಟರಮ್ಮ ಸ್ಟೀರಿಂಗಿನಲ್ಲಿ, ನಾನು ಪಕ್ಕದಲ್ಲಿ, ಬೆಲ್ಟಿನ ಕೆಳಗೆ ಕೆಂಡ. ನಮ್ಮ ಮುಂದೆ ಜೇನುಮೇಷ್ಟ್ರ ಹಳದಿ ಗಾಡಿ, ಹಿಂದೆ ದೊಡ್ಡ ಎಲ್ ಬೋರ್ಡು. ಹಸಿರು ಬಿತ್ತು. ಹಳದಿ ಗಾಡಿ ಒಮ್ಮೆ ಬಿಕ್ಕಿ ನಿಂತಿತು. ಕೆಂಪು ಬಿತ್ತು. ಮತ್ತೆ ಹಸಿರು. ಮತ್ತೆ ಬಿಕ್ಕು. ನಾನು ಇವಳ ಮುಂದಿನಿಂದ ಕೈ ಚಾಚಿ ಹಾರ್ನ್ ಒತ್ತಿದೆ, ಒತ್ತಿಯೇ ಹಿಡಿದೆ. ಮೂರನೆಯ ಹಸಿರಿಗೆ ಬೆಲ್ಟ್ ಬಿಚ್ಚಿ ಇಳಿದು ಹೋದೆ.

ಆ ಗಾಡಿಯ ಕಿಟಕಿಯ ಹತ್ತಿರ ಹೋಗುವ ಮೊದಲೇ ನನ್ನ ಬಾಯಿ ಶುರುವಾಗಿತ್ತು. "ಯಾವ ಮಹಾನುಭಾವರು ಓಡಿಸ್ತಿರೋದು? ಕ್ಲಚ್ ಅಂದ್ರೆ ಏನು ಅಂತ ಗೊತ್ತಾ, ಇಲ್ಲ ಅದೂ ಟೀ ಜೊತೆ ತಿನ್ನೋದು ಅಂದ್ಕೊಂಡಿದ್ದೀರಾ? ಇಡೀ ಊರನ್ನ ನಿಲ್ಲಿಸ್ಕೊಂಡು..."

ಗಾಜು ಇಳಿಯಿತು. ಸ್ಟೀರಿಂಗ್ ಹಿಡಿದು ಕೂತಿದ್ದವರು ಇವರು. ನಮ್ಮವರು. ಪಾಲಿಶ್ ಹಚ್ಚಿದ ಬೂಟು, ಬಾಚಿದ ತಲೆ, ಹಣೆಯ ಮೇಲೆ ಬೆವರಿನ ಸಾಲು.



ಇವರು ತಮ್ಮ ಮಾಮೂಲಿ ದನಿಯಲ್ಲೇ ಹೇಳಿದರು: "ನಿಂದು ಮುಗಿದಿದ್ರೆ ಹೇಳು, ಸ್ಟಾರ್ಟ್ ಮಾಡ್ತೀನಿ. ನೀನು ಮಾತಾಡ್ತಿದ್ರೆ ಎಂಜಿನ್ ಸದ್ದು ಕೇಳಿಸಲ್ಲ."

ಪಕ್ಕದಲ್ಲಿದ್ದ ಜೇನುಮೇಷ್ಟ್ರು ಬಗ್ಗಿ ನೋಡಿದ. ಮೊದಲ ಸಲ ಅವನ ದನಿಯಲ್ಲಿ ಜೇನಿರಲಿಲ್ಲ. "ಮೇಡಂ, ನನ್ನ ಸ್ಟೂಡೆಂಟ್ ಮೇಲೆ ರಸ್ತೇಲಿ ಹೀಗೆ ಕೂಗಾಡಬಾರದು. ಪಾಪ, ಅವರು ಚೆನ್ನಾಗೇ ಓಡಿಸ್ತಿದ್ರು. ಹಿಂದಿನಿಂದ ಹಾರ್ನ್ ಕೇಳಿ ಗಾಬರಿ ಆದ್ರು."

ಸುತ್ತಲಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ಸೀಟಿ ಊದುತ್ತಾ ಬಂದವನು ಯಾರು? ನಮ್ಮ ಮೀಸೆಯ ಅಧಿಕಾರಿ. "ಅತ್ತೇ! ಸಿಗ್ನಲ್ ಮಧ್ಯೆ ಏನು ಮಾಡ್ತಿದ್ದೀರಾ? ಮಾವಾ! ನೀವು ಯಾವಾಗಿಂದ..." ಅವನನ್ನು ಎದುರಿಸಲು ನನ್ನ ಹತ್ತಿರ ಒದ್ದೆ ಹಾಸಿಗೆಯ ಅಸ್ತ್ರವಿತ್ತು. ನೆನಪಿಗೇ ಬರಲಿಲ್ಲ. ಸುಮ್ಮನೆ ವಾಪಸು ಬಂದು ಕೂತೆ. ಹಳದಿ ಗಾಡಿ ಈ ಸಲ ನಯವಾಗಿ, ಬೆಣ್ಣೆಯಲ್ಲಿ ಕತ್ತಿ ಹೋದ ಹಾಗೆ ಮುಂದೆ ಹೋಯಿತು.

"ಯಾರು ಮೇಡಂ ಅವರು?" ಎಂದಳು ಹಲ್ಲಿನ ಡಾಕ್ಟರಮ್ಮ.

"ನನ್ನ ಗಂಡ."

ಅವಳು ತುಟಿ ಕಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ನನಗೂ ಏನೋ ಒಳಗಿನಿಂದ ಒದ್ದುಕೊಂಡು ಬಂತು. ಆ ಉರಿಯಲ್ಲೇ, ಪಕ್ಕೆ ಹಿಡಿದುಕೊಂಡು, "ಅಯ್ಯೋ ನಗಿಸಬೇಡಿ, ನೋಯುತ್ತೆ" ಎನ್ನುತ್ತಾ, ಕಣ್ಣಲ್ಲಿ ನೀರು ಬರುವವರೆಗೆ ಇಬ್ಬರೂ ನಕ್ಕೆವು. ಮತ್ತೆ ಕೆಂಪು ಬಿತ್ತು.

ಏಪ್ರಿಲ್ 28

ನಿನ್ನೆ ಮನೆಗೆ ಬಂದವಳೇ ಅದನ್ನೆಲ್ಲ ಬರೆದು ಮಲಗಿಬಿಟ್ಟೆ. ಇವತ್ತು ಇವರು ಅಂಗಡಿಗೆ ಹೋಗಲಿಲ್ಲ. ಪಪ್ಪಾಯಿ ತಟ್ಟೆ ನನ್ನ ಮುಂದಿಟ್ಟು ಎದುರಿಗೆ ಕೂತರು.

"ಕಲಿಸೋಳು ಮನೇಲೇ ಇರುವಾಗ ಎದುರಂಗಡಿಗೆ ಹೋದ್ರಲ್ಲ," ಎಂದೆ. "ನನ್ನ ಮರ್ಯಾದೆ ಏನಾಗಬೇಕು? ನನ್ನ ಹತ್ರ ಕಲಿಯೋಕೆ ಏನಾಗಿತ್ತು?"

"ಕಲಿತಾದ ಮೇಲೂ ನಿನ್ನ ಜೊತೆ ಸಂಸಾರ ಮಾಡಬೇಕಲ್ಲ."

ತಟ್ಟೆಯನ್ನು ಅತ್ತ ತಳ್ಳಲು ಹೋದೆ. ಅಷ್ಟರಲ್ಲಿ ಇವರೇ ಮುಂದುವರಿಸಿದರು. ಇವರು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ನಾನು ಕೇಳಿಲ್ಲ.

"ಗುಳ್ಳೆ ಎದ್ದ ಆ ಭಾನುವಾರ ನೆನಪಿದ್ಯಾ? ಟ್ಯಾಕ್ಸಿ ಸಿಗಲಿಲ್ಲ. ನೀನೇ ಗಾಡಿ ಓಡಿಸ್ಕೊಂಡು ಆಸ್ಪತ್ರೆಗೆ ಹೋದೆ. ಪ್ರತಿ ಸಲ ಗೇರ್ ಹಾಕುವಾಗಲೂ 'ಅಮ್ಮಾ' ಅಂತಿದ್ದೆ. ನಾನು ಪಕ್ಕದಲ್ಲಿ ನಿನ್ನ ಕೈಚೀಲ ತೊಡೆ ಮೇಲೆ ಇಟ್ಕೊಂಡು ಕೂತಿದ್ದೆ. ಕೈಚೀಲ! ಅದನ್ನ ಬಿಟ್ಟು ನನ್ನ ಕೈಲಿ ಏನೂ ಆಗಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಕಾವಲುಗಾರ ನಿನಗೆ, 'ಪೇಷಂಟ್ ಎಲ್ಲಿ ಅಮ್ಮಾ?' ಅಂದ. ನನ್ನನ್ನ ತೋರಿಸಿ, 'ಇವರಾ?' ಅಂದ."

ನನಗೆ ಅದು ನೆನಪೇ ಇರಲಿಲ್ಲ. ಉರಿಯೊಂದೇ ನೆನಪಿತ್ತು.

"ಅವತ್ತೇ ಅಂದ್ಕೊಂಡೆ," ಎಂದರು. "ಇನ್ನೊಂದು ಸಲ ಇವಳು ಹಾಗೆ ಓಡಿಸಬಾರದು."

ಪಪ್ಪಾಯಿ ತಿಂದೆ. ಬೇರೇನು ಮಾಡಲಿ?

ತಟ್ಟೆ ತೆಗೆದುಕೊಂಡು ಹೋಗುತ್ತಾ ಇವರು ತಿರುಗಿ ಕೇಳಿದರು: "ಮಾತ್ರೆ ಯಾವಾಗ ಬಿಟ್ಟೆ?"

"ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಒಂದು ವಾರದಿಂದ ಊರು ಕೆಟ್ಟೋಗಿದೆ ಅಂತಿದ್ದೀಯಲ್ಲ."

ಊರು ಕೆಡುವುದಕ್ಕೂ ನನ್ನ ಮಾತ್ರೆಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಗಡಿಯಾರದವರ ಲೆಕ್ಕವೇ ಬೇರೆ.

ಏಪ್ರಿಲ್ 29

ಡಾಕ್ಟರ ಹತ್ತಿರ ಸರಿಯಾಗಿ ಬೈಸಿಕೊಂಡೆ. ಆ ಹುಡುಗಿ ಬೈದರೆ ಜೀವವಿಟ್ಟುಕೊಂಡು ಬೈಯುತ್ತಾಳೆ, ನೋಡಿ ಕಲಿಯಬೇಕು. "ಬೆಲ್ಟ್ ಹಾಕ್ಕೊಂಡು ಗಾಡಿ ಗುದ್ದಲಿಲ್ಲ, ಹಾಗಾಗಿ ಬೆಲ್ಟ್ ಬೇಡ ಅಂತ ನಿಮ್ಮ ಸ್ಟೂಡೆಂಟ್ ಹೇಳಿದ್ರೆ ಏನಂತೀರಿ?" ಎಂದಳು. ನಾನು ಏನೆನ್ನುತ್ತೇನೆಂದು ಇಲ್ಲಿ ಬರೆಯುವುದಿಲ್ಲ.

ಮತ್ತೆ ಚಿಕ್ಕದರಿಂದ ಶುರು. ಮತ್ತೆ ಸ್ವಲ್ಪ ದಿನ ಗಾಡಿ ಇಲ್ಲ. ಬಿಡುವುದಾದರೆ ಅವಳೇ ಮೆಲ್ಲಮೆಲ್ಲಗೆ ಇಳಿಸುತ್ತಾಳಂತೆ. ಹೊರಡುವಾಗ ಮತ್ತೆ ಅದೇ ಪ್ರಶ್ನೆ: "ಕೊನೇ ಸಲ ಜೋರಾಗಿ ನಕ್ಕಿದ್ದು?"

"ಮೊನ್ನೆ. ಮಾರ್ಕೆಟ್ ಸಿಗ್ನಲ್ಲಲ್ಲಿ."

"ಅದಕ್ಕೆ ಮೊದಲು?"

ಬಹಳ ಹುಡುಕಬೇಕಾಯಿತು. ಹೋದ ವರ್ಷದ್ದೊಂದು ಸಿಕ್ಕಿತು, ಅದೂ ಗುಳ್ಳೆ ಏಳುವ ಮುಂಚಿನದು. ಅವಳು ಪೆನ್ನಿನ ಕ್ಯಾಪು ಹಾಕಿದಳು. "ಅದನ್ನೂ ನೋಡ್ಕೋತಾ ಇರೋಣ" ಎಂದಳು. ಇರೋಣವಂತೆ. ನೋಡಿಕೊಳ್ಳಲಿ.

ಔಷಧದಂಗಡಿಯವನು ಮತ್ತೆ ತಲೆ ವಾಲಿಸಿದ. "ನೋವಿಗೆ" ಎಂದೆ. ಆಮೇಲೆ ಏನನ್ನಿಸಿತೋ, "ಮನಸ್ಸಿಗೂ ಇದ್ರೆ ಇರಲಿ, ಒಂದೇ ಬೆಲೆ ತಾನೆ?" ಎಂದೆ. ಅವನ ತಲೆ ನೆಟ್ಟಗಾಯಿತು.

ಮೇ 14

ಜೇನುಮೇಷ್ಟ್ರ ಅಂಗಡಿಗೆ ಹೋದೆ. ಅವನು ಎದ್ದು ನಿಂತ; ಹೆದರಿಕೆಯೋ ಮರ್ಯಾದೆಯೋ ಗೊತ್ತಾಗಲಿಲ್ಲ.

"ಇವರ ಟೆಸ್ಟ್ ಹತ್ತಿರ ಬಂತು. ರಿವರ್ಸ್ ಕಚ್ಚಾ ಇದೆ ಅಂತ ಕೇಳ್ಪಟ್ಟೆ. ನಾನೂ ಹಿಂದಿನ ಸೀಟಲ್ಲಿ ಕೂತು ನೋಡಬಹುದಾ?"

"ಕೂತ್ಕೊಳ್ಳಿ ಮೇಡಂ. ಆದ್ರೆ ಒಂದು ಕಂಡೀಷನ್. ಮಾತಾಡಬಾರದು."

ಒಪ್ಪಿಕೊಂಡೆ. ಬಾಯಿ ಹೇಗೂ ಒಣಗಿರುತ್ತದಲ್ಲ, ಬಾಟಲಿಯಿಂದ ಬಾಯಿ ತುಂಬ ನೀರು ತುಂಬಿಕೊಂಡು ಹಿಂದೆ ಕೂತೆ. ಇವರು ಕಂಬಕ್ಕೆ ಇನ್ನೇನು ತಾಗಿಸುತ್ತಾರೆ ಎನ್ನುವಾಗ ನೀರು ನುಂಗಿಬಿಟ್ಟೆ. ಜೇನುಮೇಷ್ಟ್ರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, "ಮೇಡಂ, ಇನ್ನೊಂದು ಗುಟುಕು" ಎಂದ. ಇವರು ನಗುತ್ತಲೇ ಗಾಡಿಯನ್ನು ಗೆರೆಯೊಳಗೆ ನಿಲ್ಲಿಸಿದರು. ಅಷ್ಟು ನಯವಾಗಿ ನನ್ನ ಶಿಷ್ಯರಲ್ಲಿ ಯಾರೂ ನಿಲ್ಲಿಸಿಲ್ಲ. ಅವನಿಗೆ ಹೇಳಿಲ್ಲ.

ಮೇ 22

ಇವರು ಟೆಸ್ಟಿನಲ್ಲಿ ಫೇಲು. ರಸ್ತೆ ಬದಿ ನಿಂತಿದ್ದ ಮುದುಕರೊಬ್ಬರಿಗೆ ದಾಟಲು ದಾರಿ ಬಿಟ್ಟರಂತೆ. ಮುದುಕರಿಗೆ ದಾಟುವುದೇ ಇರಲಿಲ್ಲ, ಬಸ್ಸಿಗೆ ಕಾಯುತ್ತಿದ್ದರು. ಇವರು ಕಾದರು, ಅವರೂ ಕಾದರು. ಪರೀಕ್ಷಕ ಇಳಿದು ಹೋದ. ನಾನು ಬೈಯಲಿಲ್ಲ. ಬೈಯುವಂಥದ್ದೇನಿದೆ? ಒಳ್ಳೆಯ ಚಾಲಕನ ಲಕ್ಷಣವೇ ಅದು. ಪರೀಕ್ಷಕರ ಗುಣಮಟ್ಟ ಇಳಿದುಹೋಗಿದೆ.

ಜೂನ್ 9

ಹಲ್ಲಿನ ಡಾಕ್ಟರಮ್ಮ ಪಾಸ್. ಇವರೂ ಪಾಸ್. ಒಂದೇ ದಿನ, ಒಂದೇ ಮೈದಾನ. ಅವಳು ಓಡಿಬಂದು ನನ್ನನ್ನು ತಬ್ಬಿಕೊಂಡಳು, ಆಮೇಲೆ ಗಾಬರಿಯಾಗಿ, "ಅಯ್ಯೋ, ಪಕ್ಕೆ!" ಎಂದು ಕೈ ಬಿಟ್ಟಳು. "ಯಾವ ಪಕ್ಕೆ?" ಎಂದೆ. ಜೇನುಮೇಷ್ಟ್ರು ಮಿಠಾಯಿ ಹಂಚಿದ. ಎರಡು ತಿಂದೆ. ಅವನ ಮಿಠಾಯಿ ಪರವಾಗಿಲ್ಲ.

ಮಿಕ್ಸಿ ಮತ್ತೆ ರಿಪೇರಿಯಾಗಿದೆ, ಬಸ್ಸಿನವರಿಗೂ ಬುದ್ಧಿ ಬಂದಿದೆ.

ಜೂನ್ 16

ಇವತ್ತು ಇವರು ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು. ನಮ್ಮದೇ ಗಾಡಿ, ಮಧ್ಯಾಹ್ನದ ಹೊತ್ತು. ಊರನ್ನು ಸುತ್ತುವ ಹೊರವರ್ತುಲ ರಸ್ತೆ ಹಿಡಿದರು. ಮೂರನೆಯ ಗೇರಿನಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ಇದ್ದರು, ನಾನು ಕಿಟಕಿಯ ಕಡೆ ನೋಡಿದೆ. ಅಷ್ಟೇ ನೆನಪಿರುವುದು.

ಕಣ್ಣು ಬಿಟ್ಟಾಗ ಬಿಸಿಲು ಬೇರೆ ಕಡೆಯಿಂದ ಬೀಳುತ್ತಿತ್ತು. ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲಕ್ಕೆ ಎಳೆದುಕೊಂಡು, ಬೆಲ್ಟಿಗೇ ಕೆನ್ನೆ ಆನಿಸಿ ಮಲಗಿದ್ದೆ. ನನ್ನ ಕಡೆಯ ಬ್ರೇಕು ಕೆಳಗೆಲ್ಲೋ ಅನಾಥವಾಗಿತ್ತು. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ನಾನು ನಿದ್ದೆ ಮಾಡಿದ್ದು ಇದೇ ಮೊದಲು. ಮಾತ್ರೆಯ ಮಂಪರಿರಬೇಕು, ಮಧ್ಯಾಹ್ನಕ್ಕೂ ಉಳಿಯುತ್ತದೇನೋ, ಡಾಕ್ಟರನ್ನು ಕೇಳಬೇಕು.

ಹೊರಗೆ ನೋಡಿದೆ. ನೀರಿನ ಟ್ಯಾಂಕು. ಇದು ನಾವು ರಸ್ತೆ ಹಿಡಿದ ಕೂಡಲೇ ಸಿಗುವ ಟ್ಯಾಂಕು.

"ರೀ, ಇನ್ನೂ ಇಲ್ಲೇ ಇದ್ದೀವಾ?"

"ಇಲ್ಲೇ ಅಲ್ಲ. ಮತ್ತೆ ಇಲ್ಲಿಗೆ ಬಂದ್ವಿ."

"ಆಸ್ಪತ್ರೆ?"

"ದಾಟಿ ಹೋದೆ. ನಿಲ್ಲಿಸಿದ್ರೆ ಎದ್ದುಬಿಡ್ತೀಯ ಅನ್ನಿಸ್ತು. ಹಾಗೇ ಸುತ್ತು ಹಾಕಿದೆ."

"ಎಷ್ಟು ಸುತ್ತು?"

"ಲೆಕ್ಕ ಇಡಲಿಲ್ಲ." ಗಡಿಯಾರದವರು ಹೇಳುವ ಮಾತೇ ಇದು? ಕತ್ತು ನೆಟ್ಟಗೆ, ಎರಡೂ ಕೈ ಸ್ಟೀರಿಂಗಿನ ಮೇಲೆ, ಕಣ್ಣು ರಸ್ತೆಯಲ್ಲಿ. ಅಂಗಿ ಬೆನ್ನಿಗೆ ಅಂಟಿತ್ತು. "ಡಾಕ್ಟರ ಟೈಮ್ ಮೀರಿಹೋಗಿದೆ. ಪೆಟ್ರೋಲ್ ಮುಳ್ಳೂ ಸ್ವಲ್ಪ ಕೆಳಗಿದೆ. ಬೈಯೋದಿದ್ರೆ ಬೈ."

ಬೈಯಲೆಂದೇ ಬಾಯಿ ತೆರೆದೆ. ಡಾಕ್ಟರು, ಪೆಟ್ರೋಲು, ಮೂರನೆಯ ಗೇರು, ಎಲ್ಲವೂ ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಕಾಲನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡೆ.

"ಪೆಟ್ರೋಲ್ ಹಾಕಿಸ್ಕೊಳ್ಳಿ," ಎಂದೆ. "ಆಮೇಲೆ ಇನ್ನೊಂದು ಸುತ್ತು ಹೊಡೀರಿ."